ತಮ್ಮ ಕೊಟ್ಟ ದನಿ

ನನ್ನ ತಮ್ಮನ ಎಡಗೈಗೆ ಕಿವಿ ಇಟ್ಟರೆ ಜೇನುಗೂಡಿನ ಸದ್ದು ಕೇಳಿಸುತ್ತಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲವಾಗಲೆಂದು ಡಾಕ್ಟರು ಅವನ ಮೊಣಕೈಯ ಕೆಳಗೆ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು. ಆ ಜಾಗ ಹಗ್ಗದ ಗಂಟಿನಂತೆ ಉಬ್ಬಿಕೊಂಡಿತ್ತು. ಅಲ್ಲಿ ರಕ್ತ ರಭಸದಿಂದ ಹರಿಯುವುದರಿಂದ ಒಳಗೆ ಸದಾ ಗುಂಯ್ ಎನ್ನುತ್ತಿತ್ತು. "ಜೇನ್ನೊಣ ಸಾಕಿದೀನಿ ಕಣಕ್ಕ. ತುಪ್ಪ ಕಟ್ಟಿದ್ರೆ ಮೊದ್ಲು ನಿಂಗೇ ಕೊಡ್ತೀನಿ" ಎಂದು ನಗುತ್ತಿದ್ದ.

ಆ ಸದ್ದು ಇನ್ನಷ್ಟು ವರ್ಷ ಉಳಿಯುವಂತೆ ಮಾಡಬಹುದಾದ ಒಂದು ಕೆಲಸ ನನ್ನಿಂದಾಗಬೇಕಿತ್ತು. ನಾನು ಮಾಡಲಿಲ್ಲ. ನನ್ನ ಎರಡು ಕಿಡ್ನಿಗಳಲ್ಲಿ ಒಂದು ಅವನಿಗೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು. ಆ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಹಿಂದಿನ ದಿನದ ಮುದ್ದೆ ತಿಂದೆ. ಪರೀಕ್ಷೆ ಮಾಡಿ ಹೊಂದಲಿಲ್ಲ ಅಂದಿದ್ದರೆ ಅದು ಬೇರೆ ಮಾತು. ಹೊಂದುತ್ತಿತ್ತೋ ಇಲ್ಲವೋ ಯಾರಿಗೂ ಎಂದೂ ತಿಳಿಯದ ಹಾಗೆ ಮಾಡಿದೆ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಕೊನೆಗೆ ಬರೆಯೋಣವೆಂದು ಇಟ್ಟುಕೊಂಡರೆ, ಅವನ ಒಳ್ಳೆಯ ಗುಣಗಳನ್ನೆಲ್ಲ ಬರೆದು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆಂದು ನನಗೆ ಗೊತ್ತು.

ನಾನು ಗಡಿಯಾಚೆ ತೆಲುಗು ಸೀಮೆಯ ಕಲ್ಯಾಣದುರ್ಗದಲ್ಲಿ ಹುಟ್ಟಿ ಹಿಂದೂಪುರಕ್ಕೆ ಸೊಸೆಯಾಗಿ ಬಂದವಳು. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಹುಣಸೆ ಮಂಡಿಯಲ್ಲಿ ಹಣ್ಣು ಕುಟ್ಟಿ ಬೀಜ ಬಿಡಿಸುವುದು ನನ್ನ ಕೆಲಸ. ನನ್ನ ಗಂಡ ಗೂಡ್ಸ್ ವ್ಯಾನ್ ಓಡಿಸುತ್ತಾರೆ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಪ್ಪ ಬೇಗ ಹೋದರು, ಅಮ್ಮ ಕೂಲಿಗೆ ಹೋಗುತ್ತಿದ್ದಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನೇ. ಅವನು ತೆಲುಗು ಮೀಡಿಯಂನಲ್ಲಿ ಇಂಟರ್‌ವರೆಗೆ ಓದಿ, ಇಂಗ್ಲಿಷನ್ನು ತಾನೇ ಕಲಿತು, ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೆಲ್‌ಫೋನ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದ. ಕಂಬದೂರಿನ ಕಡೆಯಿಂದ ಕುರಿ ಕಾಯುವವರು ಫೋನು ತಂದರೆ, ರಿಪೇರಿ ಮಾಡಿದ ಮೇಲೆ ತನ್ನ ಖುಷಿಗೆ ಕುರಿಯ ಕೂಗನ್ನೇ ಅದಕ್ಕೆ ರಿಂಗ್‌ಟೋನ್ ಇಟ್ಟುಕೊಡುತ್ತಿದ್ದ. ಒಬ್ಬ ಮುದುಕಪ್ಪ ವಾರದೊಳಗೇ ವಾಪಸು ಬಂದು, "ನಿನ್ ಮನೆ ಕಾಯ್ವೋಗ, ಇನ್ನೂರು ಕುರಿ ಮಧ್ಯೆ ಯಾವ್ದು ಫೋನು ಯಾವ್ದು ಕುರಿ ಅಂತ ಹುಡುಕ್ಲಿ?" ಎಂದು ಬೈದು ಹೋದನಂತೆ. ಕುರಿ ಕೂಗುವುದನ್ನೂ ಮುದುಕಪ್ಪ ಬೈಯುವುದನ್ನೂ ಎರಡು ದನಿಯಲ್ಲಿ ಮಾಡಿ ತೋರಿಸಿ ಅವನು ನಮ್ಮನ್ನೆಲ್ಲ ನಗಿಸುತ್ತಿದ್ದ. ಬೇರೆಯವರ ದನಿ ಎತ್ತಿಕೊಳ್ಳುವುದು ಅವನಿಗೆ ಹುಟ್ಟಿನಿಂದ ಬಂದದ್ದು.

ಇಪ್ಪತ್ತಾರನೆಯ ವಯಸ್ಸಿಗೆ ಅವನ ಎರಡೂ ಕಿಡ್ನಿಗಳು ಕೆಟ್ಟವು. ಕಾಲು ಊದಿಕೊಂಡಾಗ ನಿಂತು ಕೆಲಸ ಮಾಡುವುದಕ್ಕೆ ಹಾಗಾಗಿದೆ ಎಂದುಕೊಂಡೆವು. ಮುಖ ಊದಿಕೊಂಡಾಗ ಆಸ್ಪತ್ರೆಗೆ ಹೋದೆವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು ಎಂದರು. ಮಿಷಿನ್ ಖಾಲಿ ಇದ್ದದ್ದು ಹಿಂದೂಪುರದಲ್ಲಿ. ಹಾಗಾಗಿ ಅವನು ಒಂದು ಚೀಲ, ಒಂದು ಫೋನು, ಒಂದು ದಿಂಬು ಹಿಡಿದುಕೊಂಡು ನನ್ನ ಮನೆಗೆ ಬಂದ. ಹೆಚ್ಚುಕಡಿಮೆ ಎರಡು ವರ್ಷ ನನ್ನ ಮನೆಯಲ್ಲಿದ್ದ. ಊರವರೆಲ್ಲ ನನ್ನನ್ನು ಹೊಗಳಿದರು.

ಅವನಿಗೆ ನೀರು ಅಳತೆಯದು. ಒಂದು ಚಿಕ್ಕ ಸ್ಟೀಲ್ ಲೋಟ ಇಟ್ಟುಕೊಂಡಿದ್ದ. ಬಾಯಾರಿದಾಗ ಅದರಿಂದ ಒಂದು ಗುಟುಕು ಕುಡಿದು, ಉಳಿದ ನೀರನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಮುಚ್ಚಿಡುತ್ತಿದ್ದ. ಹುಣಸೆಹುಳಿಯನ್ನಂತೂ ಮುಟ್ಟುವಂತಿಲ್ಲ ಎಂದಿದ್ದರು. ಅದು ಅವನ ಎದೆಗೆ ಅಪಾಯವಂತೆ. ಹುಳಿಯಿಲ್ಲದ ಸಾರು ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ಮಂಡಿಯಿಂದ ಬಂದು ಕೈ ತೊಳೆಯುವುದಕ್ಕೆ ಮುಂಚೆಯೇ ಅವನು ತಟ್ಟೆಯ ಮುಂದೆ ಕೂತು ಕೈ ಚಾಚುತ್ತಿದ್ದ.

"ಎಲ್ಲಿ ಅಕ್ಕಾ, ಕೈ ಕೊಡು. ಇವತ್ತೇನ್ ಸಾರು ನೋಡಾಣ."

ನನ್ನ ಅಂಗೈಯನ್ನು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದುಕೊಂಡು, ಕಣ್ಣು ಮುಚ್ಚಿಯೇ ಒಂದು ತುತ್ತು ಬಾಯಿಗಿಟ್ಟುಕೊಳ್ಳುತ್ತಿದ್ದ. "ವಾಸ್ನೆ ನೋಡ್ಬ್ಯಾಡ ಅಂತ ಡಾಕ್ಟ್ರು ಬರ್ದಿಲ್ಲ ಕಣಕ್ಕ" ಎನ್ನುತ್ತಿದ್ದ. ಕೆಲಸವಿಲ್ಲದ ದಿನವೂ ಎಲ್ಲಿಗಾದರೂ ಹೊರಡುವ ಮುಂಚೆ ನನ್ನ ಕೈ ಮೂಸುವುದು ಅವನಿಗೆ ರೂಢಿಯಾಗಿಹೋಗಿತ್ತು.

ಅವನ ಫೋನಿನಲ್ಲಿ ಜಪಾನಿನ ಒಂದು ಬೊಮ್ಮೆ ಸೀರಿಯಲ್ ಇತ್ತು. ಅದಕ್ಕೆ ಅನಿಮೆ ಎನ್ನುತ್ತಾರೆಂದು ಅವನೇ ಹೇಳಿಕೊಟ್ಟ. ಅದರಲ್ಲಿ ಬಿಳಿ ಕೋಟಿನ ಒಬ್ಬ ಡುಮ್ಮಣ್ಣ. ದೇಶದಿಂದ ದೇಶಕ್ಕೆ ಹಡಗಿನಲ್ಲಿ ತಿರುಗುತ್ತ ತುಪಾಕಿ, ಮದ್ದು, ಗುಂಡು ಮಾರುವುದೇ ಅವನ ವ್ಯಾಪಾರ. ಅವನನ್ನು ಕಾಯಲು ಸಂಬಳಕ್ಕೆ ಬಂದ ಆರು ಜನ ಸಿಪಾಯಿಗಳು. ಒಂದೊಂದು ದೇಶದವರು, ಹಳೆಯ ಸೈನ್ಯಗಳನ್ನು ಬಿಟ್ಟು ಬಂದವರು. ಒಬ್ಬ ಡ್ರೈವರ್, ಒಬ್ಬ ಅಡುಗೆಯವನು, ದೂರದಿಂದ ಗುರಿಯಿಟ್ಟು ಹೊಡೆಯುವ ಒಬ್ಬ ಹೆಂಗಸು, ಎಲ್ಲರಿಗಿಂತ ಹಿರಿಯನಾದ ಬಿಳಿ ಮೀಸೆಯವನು ಒಬ್ಬ. ಇನ್ನಿಬ್ಬರು ಯಾವಾಗಲೂ ಜಗಳವಾಡುವವರು. ಅವರ ಮಾತು ಜಪಾನಿ, ಕೆಳಗೆ ಬರುವ ಅಕ್ಷರ ಇಂಗ್ಲಿಷು. ನಮಗೆ ಎರಡೂ ಬಾರದು. ತಮ್ಮ ಸೌಂಡು ಪೂರ್ತಿ ತೆಗೆದು, ಕೆಳಗಿನ ಅಕ್ಷರ ಓದಿಕೊಂಡು, ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ಡುಮ್ಮಣ್ಣ ಗಿರಾಕಿಗಳ ಹತ್ತಿರ ಮಾತಾಡುವಾಗ ತೆಲುಗು. ಅದು ಹಿಂದೂಪುರದ ಪೇಟೆಯಲ್ಲಿ ನಾವು ಚೌಕಾಸಿ ಮಾಡುವ ತೆಲುಗು: "ಚೂಡಂಡಿ, ಮಾಲು ಮಂಚಿದಿ, ಮಾಟ ಒಕಟೇ!" ಮಾಲು ಒಳ್ಳೆಯದು, ಮಾತು ಒಂದೇ ಎಂದು. ಅದೇ ಡುಮ್ಮಣ್ಣ ತಿರುಗಿ ತನ್ನ ಆರು ಜನರ ಹತ್ತಿರ ಬಂದ ಕೂಡಲೇ ಮನೆಯ ಕನ್ನಡ: "ಎಲ್ರೂ ಉಂಡ್ರೇನ್ರಲಾ?" ಅವನು ಏನನ್ನೋ ಜೇಬಿನಿಂದ ತೆಗೆದು ಮೆಲ್ಲುತ್ತಲೇ ಇರುತ್ತಿದ್ದ. ತಮ್ಮನ ಪ್ರಕಾರ ಅದು ಕಲ್ಯಾಣದುರ್ಗದ ಕಡಲೆಕಾಯಿ.

ಡಯಾಲಿಸಿಸ್ ಇಲ್ಲದ ದಿನ ಮಂಡಿಗೆ ಬಂದು ಹುಣಸೆ ಚೀಲಕ್ಕೆ ಒರಗಿ ಕೂತು ನಮಗೆ ಕಥೆ ನಡೆಸುತ್ತಿದ್ದ. ಒಂದು ದಿನ ಜೊತೆಯವಳೊಬ್ಬಳು ಹಣ್ಣು ಕುಟ್ಟುವುದು ನಿಲ್ಲಿಸಿ, "ಅಲ್ಲ ಕಣಪ್ಪ, ಅಷ್ಟ್ ದೂರದ ದೇಶದೋರ್ಗೆ ನಮ್ಮ ಕಡೆ ಮಾತು ಹೆಂಗ್ ಬಂತು?" ಎಂದು ಕೆಣಕಿದಳು.

"ನಾನೇ ಟ್ಯೂಷನ್ ಮಾಡ್ದೆ ಕಣಕ್ಕ. ಫೀಸ್ ಇನ್ನೂ ಕೊಟ್ಟಿಲ್ಲ ನನ್ಮಕ್ಳು."

ನೀನೂ ಒಂದು ದನಿ ಕೊಡು ಎಂದು ನನ್ನನ್ನು ಪೀಡಿಸುತ್ತಿದ್ದ. ಗುರಿಯಿಟ್ಟು ಹೊಡೆಯುವ ಹೆಂಗಸಿನ ಮಾತು ನನ್ನ ಬಾಯಲ್ಲಿ ಬಂದರೆ ಚೆನ್ನಾಗಿರುತ್ತದಂತೆ. "ಹೋಗ್ಲಾ, ನಂಗ್ ನಾಚ್ಕೆ" ಎಂದು ನಾನು ಬೀಜದ ಕಡೆಗೆ ತಿರುಗಿಬಿಡುತ್ತಿದ್ದೆ.

ಒಂದು ಸಲ ಅವನನ್ನು ಕೇಳಿದೆ. "ಅಲ್ಲಲಾ, ಇವ್ರು ತುಪಾಕಿ ಮಾರೋರು. ಅದ್ರಿಂದ ಎಷ್ಟ್ ಜನ ಸಾಯ್ತಾರೋ. ಇಂಥೋರ ಕಥೆ ಯಾಕ್ ನೋಡ್ತೀಯ?"

ಅವನು ತಮಾಷೆ ಬಿಟ್ಟು ಫೋನು ಕೆಳಗಿಟ್ಟ. "ಮಾರೋದು ಕೆಟ್ಟದ್ದೇ ಕಣಕ್ಕ. ಅವ್ರಿಗೂ ಗೊತ್ತು, ಅದ್ಕೇ ಯಾರೂ ನೆಟ್ಗೆ ನಿದ್ದೆ ಮಾಡಲ್ಲ ಅದ್ರಾಗೆ. ಆದ್ರೆ ಒಬ್ಬನ ಮ್ಯಾಲೆ ಗುಂಡು ಬಂದ್ರೆ ಇನ್ನೊಬ್ಬ ಅಡ್ಡ ಬತ್ತಾನೆ. ಸಂಬ್ಳಕ್ಕೆ ಬಂದೋರು, ಬರಬೇಕು ಅಂತ ಏನೂ ಇಲ್ಲ. ಆದ್ರೂ ಬತ್ತಾರೆ. ಅದೊಂದ್ನ ನೋಡಾಕೆ ನೋಡ್ತೀನಿ."

ಇದು ಪರೀಕ್ಷೆಯ ಮಾತು ಬರುವುದಕ್ಕೆ ಮುಂಚೆ ಆಡಿದ್ದು. ಆಮೇಲೆ ಈ ಮಾತನ್ನು ಅವನು ನನ್ನ ಮುಂದೆ ಎಂದೂ ಆಡಲಿಲ್ಲ.

ಡಯಾಲಿಸಿಸ್ ವಾರ್ಡಿನಲ್ಲಿ ಅವನ ಪಕ್ಕದ ಹಾಸಿಗೆ ಒಬ್ಬ ಅಜ್ಜನದು. ಕಂಬದೂರಿನ ಕಡೆಯವನು, ಹಿಂದೂಪುರದ ಮಗಳ ಮನೆಯಲ್ಲಿದ್ದುಕೊಂಡು ಮಿಷಿನ್ನಿಗೆ ಬರುತ್ತಿದ್ದ. ಅಜ್ಜನಿಗೂ ಬಿಳಿ ಮೀಸೆ. ಹಾಗಾಗಿ ಸೀರಿಯಲ್ಲಿನ ಮೀಸೆಯವನಿಗೆ ತಮ್ಮ 'ಮೀಸೆ ಮಾವ' ಎಂದು ಹೆಸರಿಟ್ಟು, ಅಜ್ಜನ ದನಿಯಲ್ಲೇ ಅವನನ್ನು ಮಾತಾಡಿಸುತ್ತಿದ್ದ. ಫೋನನ್ನು ಇಬ್ಬರ ಹಾಸಿಗೆಯ ನಡುವಿನ ಸ್ಟೂಲಿನ ಮೇಲೆ ನಿಲ್ಲಿಸುತ್ತಿದ್ದರು. ನಾಲ್ಕು ಗಂಟೆಯ ಹೊತ್ತು ಇಬ್ಬರ ರಕ್ತವೂ ಮಿಷಿನ್ನಿಗೆ ಹೋಗಿ ಬರುತ್ತಿರುವಾಗ ಹಡಗು ಹೊರಡುತ್ತಿತ್ತು, ಗುಂಡು ಹಾರುತ್ತಿತ್ತು. ಒಂದು ಕಂತಿನಲ್ಲಿ ಸೇತುವೆಯ ಮೇಲೆ ಮೀಸೆ ಮಾವನಿಗೆ ಗುಂಡು ಬಿತ್ತು. ಆವತ್ತು ನಾನು ಊಟದ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಅಜ್ಜ ತಲೆ ಎತ್ತಿ, "ಏನ್ಲಾ, ಹೋದ್ನಾ?" ಎಂದು ಕೇಳಿದ. ಕೇಳುವಾಗ ಅವನ ದನಿ ನಡುಗುತ್ತಿತ್ತು. ತಮ್ಮ ಸ್ಕ್ರೀನನ್ನು ಒಂದು ಗಳಿಗೆ ನೋಡಿ, "ಹೋಗೋದೆಲ್ಲಿಗೆ ತಾತ? ಭುಜಕ್ಕೆ ತಾಗೈತೆ ಅಷ್ಟೇ. ಮುಂದಿನ ಭಾಗ್ದಾಗೆ ಊರಿಗೆ ಕಳಿಸ್ತಾರೆ, ರೆಸ್ಟು" ಎಂದ. ಮುಂದಿನ ಕಂತಿನಲ್ಲಿ ಎಲ್ಲರೂ ಹಡಗಿನ ಅಂಚಿನಲ್ಲಿ ಸಾಲಾಗಿ ನಿಂತು ಒಂದು ಟೋಪಿಯನ್ನು ನೀರಿಗೆ ಎಸೆದರು. ಮೀಸೆ ಮಾವ ದೋಣಿ ಹತ್ತಿ ಊರಿಗೆ ಹೊರಟ, ಇವರು ಟೋಪಿ ಎಸೆದು ಕಳಿಸಿಕೊಡುತ್ತಿದ್ದಾರೆ ಎಂದು ತಮ್ಮ ಹೇಳಿದ. ಆಮೇಲೆ ಆ ಹೆಂಗಸು ಎಲ್ಲಾದರೂ ಸುಮ್ಮನೆ ಕಡಲು ನೋಡುತ್ತ ನಿಂತರೆ, "ಮೀಸೆ ಮಾವ ಫೋನ್ ಮಾಡವ್ನೆ, ಮಾತಾಡ್ತಾ ಅವ್ಳೆ" ಎನ್ನುತ್ತಿದ್ದ. ಅಜ್ಜ ಪ್ರತಿ ಸಲ ಬಂದವನೇ, "ನಮ್ಮೋನ್ ಫೋನ್ ಮಾಡಿದ್ನಾ?" ಎಂದು ವಿಚಾರಿಸಿಕೊಂಡೇ ಮಲಗುತ್ತಿದ್ದ.

ಮೊದಲ ವರ್ಷ ಮುಗಿಯುವ ಹೊತ್ತಿಗೆ ಡಾಕ್ಟರು ಕಿಡ್ನಿ ಬದಲಿಸುವ ಮಾತೆತ್ತಿದರು. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವಳದು ಆಗುವುದಿಲ್ಲ. ಉಳಿದವಳು ನಾನೊಬ್ಬಳೇ. ತಮ್ಮ ನನ್ನನ್ನು ಕೇಳಲಿಲ್ಲ. ಅಮ್ಮನೂ ಕೇಳಲಿಲ್ಲ. ಅಮ್ಮ ಊರಿಂದ ಬಂದಿದ್ದ ದಿನ ಎಲ್ಲರೂ ಕೂತಿರುವಾಗ ನಾನೇ, "ನಂದು ನೋಡ್ಲಿ, ನಾನ್ ಬತ್ತೀನಿ" ಎಂದೆ. ಅಮ್ಮ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅದು ನನಗೆ ಹಿತವಾಯಿತು. ಬೆಂಗಳೂರಿನ ಆಸ್ಪತ್ರೆಗೆ ಹತ್ತು ದಿನ ಬಿಟ್ಟು ಬರಲು ಹೇಳಿದರು. ರಾತ್ರಿ ಊಟವಾದ ಮೇಲೆ ಏನೂ ತಿನ್ನಬಾರದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಬೇಕು.

ಆ ಹತ್ತು ದಿನ ಭಯ ನನ್ನೊಳಗೆ ಬೆಳೆಯಿತು. ಮಂಡಿಯಲ್ಲಿ ಚೀಲ ಎತ್ತುವಾಗ ಪಕ್ಕೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕೊಯ್ದ ಮೇಲೆ ಎದ್ದೇಳದೆ ಹೋದರೆ, ನನ್ನ ಇಬ್ಬರು ಹೆಣ್ಣುಮಕ್ಕಳ ಗತಿಯೇನು ಎನಿಸುತ್ತಿತ್ತು. ಗಂಡ ಬೇಡ ಎನ್ನಲಿ ಎಂದು ಕಾದೆ. ಅವರು, "ಮಾಡ್ತೀನಂದ್ರೆ ಮಾಡು ಕಣೆ, ಮನೆ ನಾನ್ ನೋಡ್ಕಂತೀನಿ" ಎಂದರು. ಬೇಡ ಎಂದಿದ್ದರೆ ಅವರ ಮೇಲೆ ಹಾಕಿ ನಾನು ಬಚಾವಾಗುತ್ತಿದ್ದೆ. ತಡೆಯುವವರು ಯಾರೂ ಇರಲಿಲ್ಲ. ನನ್ನ ಭಯವೊಂದೇ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ನನಗಿರಲಿಲ್ಲ.

ಬೆಳಗಿನ ರೈಲಿಗೆ ಹೋಗಬೇಕಿತ್ತು. ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ನಾನು ಅಡುಗೆಮನೆಗೆ ಹೋದವಳು ಮಡಕೆಯ ಮುಚ್ಚಳ ತೆಗೆದೆ. ಅರ್ಧ ಮುದ್ದೆ, ತಳದಲ್ಲಿ ಸ್ವಲ್ಪ ಬಸ್ಸಾರು. ನಿಂತಲ್ಲೇ ನುಂಗಿದೆ. ಹಸಿವಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ, "ಮರೆತು ತಿಂದುಬಿಟ್ಟೆ" ಎನ್ನುವುದು, ಆಗ ಅವರು ಇನ್ನೊಂದು ದಿನ ಬರಹೇಳುತ್ತಾರೆ, ಆ ಇನ್ನೊಂದು ದಿನವನ್ನು ಹಾಗೇ ಮುಂದೂಡುತ್ತ ಹೋಗುವುದು. ನನ್ನ ಯೋಚನೆ ಅಷ್ಟೇ ಇತ್ತು. ಸೋಪು ಹಾಕಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದೆ.

"ಎಲ್ಲಿ ಅಕ್ಕಾ, ಕೈ ಕೊಡು" ಎಂದ. ಹೊರಡುವ ಮುಂಚಿನ ರೂಢಿ. ನಾನು ಕೊಡಬಾರದಿತ್ತು. ಆದರೆ ಕೈ ತಾನಾಗಿಯೇ ಚಾಚಿಕೊಂಡಿತು. ಬಸ್ಸಾರಿನ ಬೆಳ್ಳುಳ್ಳಿ ಸೋಪಿಗೆ ಹೋಗುವುದಿಲ್ಲ. ಅವನು ಮೂಸಿದ. ಇನ್ನೊಂದು ಸಲ ಮೂಸಿದ. ಕೈ ಬಿಡದೆ ನನ್ನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಇವತ್ತು ನನಗೆ ಎಷ್ಟೋ ಹಗುರವಾಗಿರುತ್ತಿತ್ತು. ಅವನ ಚಿಕ್ಕಂದಿನಲ್ಲಿ ನಾನು ಮಡಕೆ ಒಡೆದಾಗ ಅಮ್ಮ ಬರುವ ಮೊದಲು ಚೂರುಗಳನ್ನು ತಾನು ಎತ್ತಿಹಾಕುತ್ತಿದ್ದನಲ್ಲ, ಆಗ ನೋಡುತ್ತಿದ್ದಂತೆ ನೋಡಿದ.

ಅಷ್ಟರಲ್ಲಿ ನಮ್ಮನ್ನು ಸ್ಟೇಷನ್ನಿಗೆ ಬಿಡಲು ನನ್ನ ಗಂಡ ವ್ಯಾನಿನ ಕೀಲಿ ಹಿಡಿದು, "ಹೊರಡಾಣೇನಪ್ಪ?" ಎಂದು ಬಂದರು. ತಮ್ಮ ನನ್ನ ಕೈ ಬಿಟ್ಟು ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟುಕೊಂಡ. ಅದು ರಿಂಗಾಗಿರಲಿಲ್ಲ.

"ಹಲೋ... ಹಾ ಸಾರ್. ಔನಾ ಸಾರ್? ಸರೇ ಸಾರ್, ಸರೇ." ಫೋನು ಇಳಿಸಿ ನನ್ನ ಗಂಡನ ಕಡೆ ತಿರುಗಿದ. "ಇವತ್ತು ಬರಬ್ಯಾಡ ಅಂದ್ರು ಭಾವ. ಟೆಸ್ಟ್ ಮಾಡೋ ಮಿಷಿನ್ ಕೆಟ್ಟೋಗೈತಂತೆ."

ಹೇಳಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ.

ಒಂದು ವಾರ ಕಳೆದ ಮೇಲೆ, ನನ್ನ ಗಂಡ ಲೋಡಿನ ಜೊತೆ ಎರಡು ದಿನ ಹೊರಗೆ ಹೋಗಿದ್ದಾಗ, ಅವನು ಊರಿಗೆ ಫೋನ್ ಮಾಡಿದ್ದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. "ಅಮ್ಮಾ, ನಾವು ಹೋಗ್ಬಂದ್ವಿ. ಅಕ್ಕ ರಕ್ತ ಕೊಟ್ಳು ಕಣಮ್ಮ. ಕೂಡಿ ಬರಲ್ಲ ಅಂದ್ಬುಟ್ರು. ಪಾಪ, ಅವ್ಳೇನ್ ಮಾಡ್ತಾಳೆ? ನೀನ್ ಅಳಬ್ಯಾಡ. ಬ್ಯಾರೆಯೋರ್ದು ಸಿಗ್ಲಿ ಅಂತ ಹೆಸ್ರು ಬರೆಸೀನಿ." ಗಂಡ ವಾಪಸು ಬಂದ ಮೇಲೆ ಅವರಿಗೂ ಹಾಗೇ ಹೇಳಿದ. ನಾನು ಅಲ್ಲೇ ನಿಂತು ಕೇಳಿದೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆವತ್ತಿಂದ ನಾನು ಎಲ್ಲರ ಕಣ್ಣಲ್ಲಿ ತಮ್ಮನಿಗೆ ಕಿಡ್ನಿ ಕೊಡಲು ಹೋಗಿ ನಿರಾಸೆಪಟ್ಟು ಬಂದ ಅಕ್ಕ.

ಆಮೇಲೂ ಎಂಟು ತಿಂಗಳು ಬದುಕಿದ್ದ. ಎಂಟು ತಿಂಗಳಲ್ಲಿ ಯಾವ ದಿನ ಬೇಕಾದರೂ, "ನಡೀಲಾ, ಇವತ್ತು ತಿಂದಿಲ್ಲ, ಹೋಗಾಣ" ಎನ್ನಬಹುದಿತ್ತು. ಎಷ್ಟೋ ಬೆಳಿಗ್ಗೆ ನಾಲಿಗೆಯ ತುದಿಗೆ ಬಂತು. ಹುಣಸೆ ಸೀಜನ್ ಮುಗಿಯಲಿ ಎಂದುಕೊಂಡೆ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಅವನು ಒಂದು ಸಲವೂ ಆ ಮಾತೆತ್ತಲಿಲ್ಲ. ಸಂಜೆ ಅದೇ ಹಾಗೆ ಕೈ ಚಾಚುತ್ತಿದ್ದ, ಮೂಸುತ್ತಿದ್ದ, ಉಣ್ಣುತ್ತಿದ್ದ. ಸೀರಿಯಲ್ಲಿನ ಕೊನೆಯ ಕಂತನ್ನು ಮಾತ್ರ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ.

"ಅದ್ನ ನೀನೂ ನಾನೂ ಕೂತು ನೋಡಾಣ ಕಣಕ್ಕ. ಅದ್ರಾಗೆ ಆ ಹೆಂಗಸಿನ ಮಾತು ಜಾಸ್ತಿ ಐತೆ. ನೀನೇ ದನಿ ಕೊಡ್ಬೇಕು."

"ಹಬ್ಬ ಆಗ್ಲಿ ಇರ್ಲಾ" ಎಂದೆ. ಅವನ ಪಕ್ಕದಲ್ಲಿ ಅಷ್ಟು ಹೊತ್ತು ಕೂರಲು ನನಗೆ ಆಗುತ್ತಿರಲಿಲ್ಲ.

ಹಬ್ಬಕ್ಕೆ ಇನ್ನೂ ಆರು ದಿನವಿತ್ತು. ಮಧ್ಯಾಹ್ನ ಮಂಡಿಗೆ ಫೋನು ಬಂತು. ವಾರ್ಡಿಗೆ ನಡೆದುಕೊಂಡೇ ಹೋಗಿದ್ದವನು, ಸೂಜಿ ಚುಚ್ಚುವ ಮೊದಲೇ ಎದೆ ಹಿಡಿದುಕೊಂಡು ಒರಗಿದನಂತೆ. ಡಾಕ್ಟರು, ನರ್ಸಮ್ಮಂದಿರು ಏನೇನು ಮಾಡಬೇಕೋ ಎಲ್ಲ ಮಾಡಿದರು ಎಂದು ಅಜ್ಜ ಅಳುತ್ತ ಹೇಳಿದ. ನಾನು ಹುಣಸೆಯ ಕೈಯಲ್ಲೇ ಓಡಿಹೋಗಿದ್ದೆ. ಅಂಗೈಯನ್ನು ಅವನ ಮೂಗಿನ ಹತ್ತಿರ ಹಿಡಿದೆ. ಯಾಕೆ ಹಿಡಿದೆನೋ ಗೊತ್ತಿಲ್ಲ. ಆಮೇಲೆ ಅವನ ಎಡಗೈಯನ್ನು ಕಿವಿಗೆ ಒತ್ತಿಕೊಂಡೆ. ಏನೂ ಕೇಳಲಿಲ್ಲ. ಇನ್ನೂ ಬೆಚ್ಚಗಿತ್ತು, ಆದರೆ ಏನೂ ಕೇಳಲಿಲ್ಲ.

ಕಲ್ಯಾಣದುರ್ಗಕ್ಕೆ ತೆಗೆದುಕೊಂಡು ಹೋಗಿ ಮಣ್ಣು ಮಾಡಿದೆವು. ಅಲ್ಲಿ ಬಂದವರೆಲ್ಲ ನನ್ನ ಬೆನ್ನು ಸವರಿದರು. "ನೀನ್ ಮಾಡ್ಬೇಕಾದ್ದೆಲ್ಲ ಮಾಡ್ದೆ ಕಣಮ್ಮ. ರಕ್ತಾನೇ ಕೂಡಿ ಬರ್ಲಿಲ್ಲ, ಏನ್ ಮಾಡ್ತೀಯ?" ಎಂದರು. ನಾನು ಸೆರಗು ಬಾಯಿಗೆ ಅದುಮಿಕೊಂಡು ಅತ್ತೆ. ಅವರು ಅದನ್ನು ದುಃಖ ಅಂದುಕೊಂಡರು.

ಒಂದು ತಿಂಗಳ ಮೇಲೆ ತಮ್ಮನ ಕೆಲವು ಕಾಗದ ತರಲು ವಾರ್ಡಿಗೆ ಹೋಗಿದ್ದೆ. ಅಜ್ಜ ಮಿಷಿನ್ನಿಗೆ ಮಲಗಿದ್ದ. ನನ್ನನ್ನು ಹತ್ತಿರ ಕರೆದು, "ಅಮ್ಮಾ, ಮೀಸೆ ಮಾವ ಕಡೇಗೆ ಏನಾದ? ಹಡಗಿಗೆ ವಾಪಸ್ ಬಂದ್ನಾ? ನಿನ್ ತಮ್ಮ ಕಡೇದು ಹೇಳ್ದೇ ಹೋಗ್ಬುಟ್ಟ" ಎಂದ.

ಅದಕ್ಕಾಗಿ ತಮ್ಮನ ಫೋನು ತೆಗೆದೆ. ಓದಿ ಹೇಳಲು ದೊಡ್ಡ ಮಗಳನ್ನು ಕೂರಿಸಿಕೊಂಡೆ. ಅವಳು ಇಂಗ್ಲಿಷ್ ಮೀಡಿಯಂ, ಎಂಟನೆಯ ತರಗತಿ. ಭಾನುವಾರ ಬೆಳಿಗ್ಗೆ ಮೊದಲಿನಿಂದ ಶುರು ಮಾಡಿದೆವು. ಸೇತುವೆ ಬಂತು, ಗುಂಡು ಬಿತ್ತು.

"ಅಮ್ಮಾ, ಇವ್ನು ಇಲ್ಲೇ ಸತ್ತೋದ" ಎಂದಳು ಮಗಳು.

"ಇಲ್ಲ ಕಣೆ. ಭುಜಕ್ಕೆ ತಾಗೈತೆ. ನೆಟ್ಗೆ ಓದು."

"ನೆಟ್ಗೇ ಓದ್ತಿದೀನಿ. ಉಸಿರು ನಿಂತೋಯ್ತು ಅಂತ ಐತೆ." ಮುಂದಿನ ಕಂತು ಹಾಕಿದಳು. ಹಡಗಿನ ಅಂಚು, ಸಾಲಾಗಿ ನಿಂತವರು, ಟೋಪಿ. "ನೋಡು, ಇವ್ನ ಕಡಲಿಗೆ ಬಿಟ್ಟಿದೀವಿ, ಇನ್ನು ನೀವು ಐದೇ ಜನ ಅಂತ ಹೇಳ್ತಾ ಅವ್ನೆ ಡುಮ್ಮಣ್ಣ. ಮಾಮ ನಿಮ್ಗೆಲ್ಲ ಸುಳ್ಳು ಹೇಳವ್ನೆ."

ಕಡಲು ನೋಡುವ ಹೆಂಗಸಿನ ಜಾಗಕ್ಕೆ ಬಂದಾಗ, ಅಲ್ಲಿ ಏನು ಬರೆದಿದೆ ಎಂದು ಕೇಳಿದೆ. ಏನೂ ಬರೆದಿಲ್ಲ, ಅವಳು ಮಾತೇ ಆಡುತ್ತಿಲ್ಲ ಎಂದಳು ಮಗಳು.

ನಾನು ಫೋನು ಮಗುಚಿಟ್ಟೆ. ಆ ಕಥೆಯನ್ನು ನೂರು ಸಲ ಕೇಳಿದ್ದೆ, ಆವತ್ತು ನನಗೆ ಅರ್ಥವಾಯಿತು. ಹಾಸಿಗೆಯಲ್ಲಿದ್ದ ಮುದುಕನ ಭಯ ನೋಡಿ ಸತ್ತವನ ಬಾಯಿಗೆ ಮಾತು ಇಟ್ಟಿದ್ದ. ಬಾಗಿಲಲ್ಲಿ ನಿಂತ ನನ್ನ ಭಯ ನೋಡಿ ನನ್ನ ಬಾಯಿಗೂ ಇಟ್ಟಿದ್ದ. ನಾನು ಕೊಡಲು ಹೆದರಿದ್ದನ್ನು 'ಕೂಡಿ ಬರಲಿಲ್ಲ' ಎಂಬ ಮಾತಾಗಿ ತಿದ್ದಿ, ಊರಿಗೆಲ್ಲ ಅದನ್ನೇ ಕೇಳಿಸಿದ್ದ.

ಅಜ್ಜನಿಗೆ ಹೋಗಿ, ಮೀಸೆ ಮಾವ ಊರಲ್ಲೇ ಇದ್ದಾನೆ, ಕುರಿ ಸಾಕಿಕೊಂಡಿದ್ದಾನೆ ಎಂದೆ. ಅಜ್ಜ ಮೀಸೆ ನೇವರಿಸಿಕೊಂಡು, "ಹಂಗೇ ಮಾಡ್ಲಿ ಬುಡು" ಎಂದ. ಅದು ತಮ್ಮ ಅವನಿಗೆ ಕೊಟ್ಟದ್ದು, ನಾನು ಕಿತ್ತುಕೊಳ್ಳಲಾರೆ. ಆದರೆ ನನ್ನ ಬಾಯಿಗೆ ಕೊಟ್ಟ ಸುಳ್ಳನ್ನು ಇಟ್ಟುಕೊಂಡಿರಲು ಇನ್ನು ನನ್ನಿಂದ ಆಗಲಿಲ್ಲ.

ಮುಂಗಾರಿಗೆ ಮುಂಚೆ ಕಲ್ಯಾಣದುರ್ಗಕ್ಕೆ ಹೋದೆ. ಬಿತ್ತನೆಯ ಕಡಲೆಕಾಯಿ ಸುಲಿಯುವ ಕಾಲ. ಅಮ್ಮ ಯಾರದೋ ಮನೆಯ ಬೀಜಕ್ಕೆ ಕಾಯಿ ಸುಲಿದುಕೊಡುತ್ತ ಜಗಲಿಯಲ್ಲಿ ಕೂತಿದ್ದಳು. ಪಕ್ಕದ ಮನೆಯ ಹೆಂಗಸೂ ಕೂತಿದ್ದಳು. ನಾನು ಚೀಲ ಇಳಿಸುವ ಮೊದಲೇ ಅಮ್ಮ ಅವಳಿಗೆ ಹೇಳತೊಡಗಿದಳು. "ಇವ್ಳೇ ಕಣಮ್ಮ ನನ್ ಮಗ್ಳು. ತಮ್ಮಂಗೆ ಅಂತ ಬೆಂಗ್ಳೂರ್ಗಂಟ ಹೋಗಿ ರಕ್ತ ಕೊಟ್ಟು ಬಂದೋಳು." ಆ ಹೆಂಗಸು, "ಇಂಥ ಅಕ್ಕ ಎಷ್ಟ್ ಜನಕ್ಕೆ ಸಿಕ್ತಾಳೆ" ಎಂದು ನನ್ನ ಕಡೆ ನೋಡಿ ತಲೆದೂಗಿದಳು. ಅವಳು ಎದ್ದು ಹೋಗುವವರೆಗೆ ನಾನೂ ಕಾಯಿ ಸುಲಿದೆ.

ಆಮೇಲೆ ಅಮ್ಮನೇ ಕೇಳಿದಳು. "ಅವ್ನ ಬೊಮ್ಮೆ ಕಥೆ ತಂದಿದೀಯಾ? ಫೋನ್ನಾಗೆ ಅವ್ನು ಹೇಳ್ತಿದ್ದ ನಂಗೆ. ಕಡೇದು ಒಂದು ಉಳಕಂಡೈತೆ ಅಂತಿದ್ದ."

ಮಗಳಿಂದ ಓದಿಸಿಕೊಂಡು ಬಂದಿದ್ದೆ. ಕೊನೆಯ ಕಂತಿನಲ್ಲಿ ಜಗಳವಿಲ್ಲ. ಹಡಗು ಮಾರಿಹೋಗಿದೆ. ಡುಮ್ಮಣ್ಣ ಉಳಿದ ಐವರನ್ನು ಬಂದರಿನಲ್ಲಿ ನಿಲ್ಲಿಸಿಕೊಂಡು ಒಬ್ಬೊಬ್ಬರನ್ನೇ ಕಳಿಸಿಕೊಡುತ್ತಾನೆ. ಫೋನನ್ನು ಕಡಲೆಕಾಯಿಯ ಗುಡ್ಡೆಗೆ ಒರಗಿಸಿ ನಿಲ್ಲಿಸಿದೆ. ಜಪಾನಿ ಮಾತು ಶುರುವಾದ ಕೂಡಲೇ ಅಮ್ಮ ಕೈಯಾಡಿಸಿದಳು.

"ಆ ಸೌಂಡ್ ತೆಗಿ. ಅವ್ನಂಗೆ ನೀನೇ ಹೇಳು."

ಸೌಂಡು ತೆಗೆದೆ. ಡುಮ್ಮಣ್ಣನಿಗೆ ಕನ್ನಡ ಕೊಟ್ಟೆ, "ಎಲ್ರೂ ಉಂಡ್ರೇನ್ರಲಾ?" ಎಂದೆ. ಅಮ್ಮ ಸುಲಿಯುತ್ತ ನಕ್ಕಳು, ಕಣ್ಣೊರೆಸಿಕೊಂಡಳು. ಡ್ರೈವರ್ ಹೋದ, ಅಡುಗೆಯವನು ಹೋದ, ಜಗಳಗಂಟರಿಬ್ಬರೂ ಹೋದರು. ಕೊನೆಗೆ ಆ ಹೆಂಗಸು ಉಳಿದಳು. ಅವಳ ಮುಖ ಸ್ಕ್ರೀನಿನ ತುಂಬ ಬಂತು, ಬಾಯಿ ಆಡತೊಡಗಿತು. ಮಗಳು ಓದಿ ಹೇಳಿದ್ದ ಮಾತು ನನಗೆ ನೆನಪಿತ್ತು. ಅದನ್ನು ನಾನು ಹೇಳಲಿಲ್ಲ.

"ನಾನು ಬೆಂಗ್ಳೂರಿಗೆ ಹೋಗ್ಲಿಲ್ಲ ಅಮ್ಮಾ" ಎಂದೆ.

ಅಮ್ಮ ಮೊದಲು ಅದನ್ನು ಕಥೆಯೆಂದೇ ತಿಳಿದಳು. ನನ್ನ ದನಿ ಕೇಳಿ ತಿರುಗಿದಳು.

"ಏನಂದೆ?"

"ರಕ್ತ ಕೊಡ್ಲಿಲ್ಲ ನಾನು. ಹೊರಡೋ ಹೊತ್ಗೆ ಬೇಕಂತ್ಲೇ ಮುದ್ದೆ ತಿಂದೆ. ಕೂಡಿ ಬರ್ಲಿಲ್ಲ ಅಂತ ಅವ್ನು ಹೇಳಿದ್ದು ಸುಳ್ಳು."

ಅಮ್ಮನ ಬೆರಳುಗಳ ನಡುವೆ ಒಂದು ಕಾಯಿ ಅರ್ಧ ಒಡೆದು ನಿಂತಿತ್ತು.

"ನೀನ್ ತಿಂದಿದ್ದು ಅವ್ನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಕೈ ಮೂಸ್ದ."

ಅಮ್ಮ ಕಾಯಿಯನ್ನು ಕೆಳಗಿಟ್ಟು, ಫೋನನ್ನು ನನ್ನ ಕಡೆಗೆ ತಿರುಗಿಸಿದಳು. ಸ್ಕ್ರೀನಿನಲ್ಲಿ ಆ ಹೆಂಗಸು ಬಂದರಿನಲ್ಲಿ ಒಬ್ಬಳೇ ನಿಂತಿದ್ದಳು. "ಹಂಗಾದ್ರೆ ನಂಗಲ್ಲ, ಅವ್ನಿಗೆ ಹೇಳು" ಎಂದಳು ಅಮ್ಮ. "ಬಾಯ್ಬಿಟ್ಟು ಹೇಳು."

ಹಗಲು ಹೊತ್ತು, ಬೀದಿಯಲ್ಲಿ ಆಟೋಗಳು ಓಡಾಡುತ್ತಿದ್ದವು. ನಾಚಿಕೆಯಾಗಲಿಲ್ಲ. ಅವನು ನನ್ನಿಂದ ಅಷ್ಟು ದಿನ ಬೇಡಿದ್ದ ದನಿಯನ್ನು ಕೊಟ್ಟೆ.

"ತಮ್ಮಾ, ಅವತ್ತು ನಾನ್ ಹೆದ್ರಕಂಡು ತಿಂದ್ಬುಟ್ಟೆ ಕಣ್ಲಾ. ನೀನ್ ಅಡ್ಡ ಬಂದೆ, ನಾನ್ ಬರ್ಲಿಲ್ಲ. ತಪ್ಪಾಯ್ತು ಕಣಪ್ಪ, ನನ್ನಿಂದ ತಪ್ಪಾಯ್ತು."